ಬಿರಿಯಾನಿಯ ಆಲೂಗಡ್ಡೆ, ಚಿಂಗ್ಡಿಯ ತಲೆ

ರಾಜಾಜಿನಗರದ ಮಿಲಿಟರಿ ಹೋಟೆಲೊಂದರಲ್ಲಿ ಬಿರಿಯಾನಿ ತರಿಸಿಕೊಂಡವರ ದೊನ್ನೆಯಲ್ಲಿ ಮಾಂಸದ ತುಂಡಿನ ಬದಲು ಇಡೀ ಆಲೂಗಡ್ಡೆಯೊಂದು ಸಿಕ್ಕಿತೆಂದು ಇಟ್ಟುಕೊಳ್ಳಿ. ಸಪ್ಲೈಯರ್‌ಗೆ ಅಂದು ಗ್ರಹಚಾರ ಕಾದಿದೆ ಎಂದೇ ಅರ್ಥ. ಕೋಲ್ಕತ್ತದ ಹೋಟೆಲಿನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ತಟ್ಟೆಯಲ್ಲಿ ಆಲೂಗಡ್ಡೆ ಕಾಣದಿದ್ದರೆ ಜಗಳ. ಮಾಂಸ ಒಂದು ತುಂಡು ಕಡಿಮೆಯಾದರೂ ಸಹಿಸಿಕೊಂಡಾರು, ಕೇಸರಿ ಬಣ್ಣಕ್ಕೆ ತಿರುಗಿದ ಆ ಮೆತ್ತನೆಯ ಗಡ್ಡೆಯನ್ನು ಮಾತ್ರ ಬಿಟ್ಟುಕೊಡಲಾರರು. ಒಂದೇ ಹೆಸರಿನ ಅಡುಗೆ ಎರಡು ಊರುಗಳಲ್ಲಿ ಇಷ್ಟು ಬೇರೆಯಾದದ್ದು ಹೇಗೆ ಎಂದು ಹುಡುಕುತ್ತ ಹೊರಟರೆ ಲಖನೌ, ವೆಲ್ಲೂರು, ಶ್ರೀರಂಗಪಟ್ಟಣ, ಕುಮಟೆಗಳೆಲ್ಲ ದಾರಿಯಲ್ಲಿ ಸಿಗುತ್ತವೆ. ಆ ಆಲೂಗಡ್ಡೆಯ ಪಕ್ಕದಲ್ಲಿ ಕುರಿಮಾಂಸದ ಬದಲು ಸೀಗಡಿ ಬಂದು ಕುಳಿತರೆ ಕಥೆ ಇನ್ನೂ ಸ್ವಾರಸ್ಯ.

ಪಶ್ಚಿಮ ಬೆಂಗಳೂರಿಗೆ ಬಿರಿಯಾನಿ ಎಂದರೆ ಮೊದಲಿನಿಂದಲೂ ದೊನ್ನೆಯದೇ. ರಾಜಾಜಿನಗರ ತೀರ ಹಳೆಯ ಬಡಾವಣೆಯಲ್ಲ. 1949ರಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಶಂಕುಸ್ಥಾಪನೆಗೊಂಡು, ಆಗ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರನ್ನು ಹೊತ್ತುಕೊಂಡದ್ದು. ಅದರ ಬೆನ್ನಿಗೆ ಕೈಗಾರಿಕಾ ಪ್ರದೇಶ ಬಂತು, ವಿಜಯನಗರ ಬಂತು, ಬಸವೇಶ್ವರನಗರ ಬಂತು. ಕಾರ್ಖಾನೆಗಳಿಗೆ ಪಾಳಿಯ ಮೇಲೆ ದುಡಿಯಲು ಬಂದ ಮಂಡ್ಯ, ತುಮಕೂರು, ಹಾಸನದ ಕಡೆಯವರಿಗೆ ಬೇಕಾಗಿದ್ದುದು ಮುದ್ದೆ, ಸಾರು, ಭಾನುವಾರವಾದರೆ ಒಂದು ಮಟನ್ ಪಲಾವ್. ಹೌದು, ಹಳಬರ ಬಾಯಲ್ಲಿ ಅದು ಪಲಾವ್. ಬಿರಿಯಾನಿ ಎಂಬ ಹೆಸರು ಬೋರ್ಡಿನ ಮೇಲೆ ದೊಡ್ಡದಾಗಿ ಕಾಣಿಸಿಕೊಂಡದ್ದು ಆಮೇಲೆ.

ಈ ಪಲಾವ್‌ನ ಹಿಂದೆ ಬೆಂಗಳೂರಿನ ಮರಾಠಿ ಮನೆತನಗಳ ಕೈ ಇದೆ. 1638ರಲ್ಲಿ ಬಿಜಾಪುರದವರು ಬೆಂಗಳೂರನ್ನು ಷಹಾಜಿಗೆ ಜಹಗೀರಾಗಿ ಕೊಟ್ಟ ಕಾಲದಿಂದಲೂ ಇಲ್ಲಿ ಮರಾಠಿಗರ ನೆಲೆ ಉಂಟು. ಮಿಲಿಟರಿ ಹೋಟೆಲ್‌ಗಳನ್ನು ತೆರೆದವರಲ್ಲಿ ಅವರೇ ಮುಂದೆ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ 1935ರಷ್ಟು ಹಿಂದಿನದು. ಇವರ ಅಡುಗೆಯ ಗುಟ್ಟು ಸರಳ. ಜೀರಿಗೆ ಸಾಂಬಾ ಎಂಬ ಗಿಡ್ಡ ಕಾಳಿನ ಪರಿಮಳದ ಅಕ್ಕಿ. ಪುದೀನ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಅರೆದ ಹಸಿರು ಮಸಾಲೆ. ಚಕ್ಕೆ, ಲವಂಗ, ಮರಾಠಿ ಮೊಗ್ಗು. ಮಾಂಸ ಬೆಂದ ನೀರಿನಲ್ಲೇ ಅಕ್ಕಿಯೂ ಬೇಯಬೇಕು. ಪದರ ಪದರವಾಗಿ ಹರಡುವ ಶಾಸ್ತ್ರವಿಲ್ಲ, ಕೇಸರಿಯಿಲ್ಲ, ಅತ್ತರಿಲ್ಲ. ಬಿಸಿ ಅನ್ನ ದೊನ್ನೆಗೆ ಬಿದ್ದಾಗ ಅಡಿಕೆ ಹಾಳೆಯ ವಾಸನೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಇದೊಂದು ಪೂರ್ಣವಾದ ಅಡುಗೆ. ಇದನ್ನು ಹೈದರಾಬಾದಿನದಕ್ಕೋ ಲಖನೌದಕ್ಕೋ ಹೋಲಿಸಿ ಅಂಕ ಕೊಡುವವರು ಸುಮ್ಮನೆ ಶ್ರಮಪಡುತ್ತಿದ್ದಾರೆ.

ಕಲ್ಕತ್ತೆಯ ಬಿರಿಯಾನಿಯ ಮೂಲಪುರುಷ ಯಾರು ಎಂದು ಕೇಳಿದರೆ ಆ ಊರಿನ ಹುಡುಗರೂ ಥಟ್ಟನೆ ಹೇಳುವ ಹೆಸರು ವಾಜಿದ್ ಅಲಿ ಷಾ. ಔಧ್‌ನ ಕೊನೆಯ ನವಾಬ. ಫೆಬ್ರವರಿ 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಆತನ ರಾಜ್ಯವನ್ನು ಕಿತ್ತುಕೊಂಡಿತು. ಲಂಡನ್ನಿಗೆ ಹೋಗಿ ರಾಣಿ ವಿಕ್ಟೋರಿಯಾಳ ಮುಂದೆ ಮೊರೆಯಿಡುವ ಉದ್ದೇಶದಿಂದ ಹೊರಟ ಆತ ಮೇ ತಿಂಗಳಲ್ಲಿ ಕಲ್ಕತ್ತೆ ಮುಟ್ಟಿದ. ಮುಂದಕ್ಕೆ ಹೋದವಳು ಆತನ ತಾಯಿ. ಮೊರೆ ಫಲಿಸಲಿಲ್ಲ, ಆಕೆ 1858ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಇತ್ತ 1857ರ ದಂಗೆ ಎದ್ದೊಡನೆ ನವಾಬನನ್ನು ಫೋರ್ಟ್ ವಿಲಿಯಂ ಕೋಟೆಯಲ್ಲಿ ಎರಡು ವರ್ಷ ಕೂಡಿಹಾಕಿದರು. ಬಿಡುಗಡೆಯ ಮೇಲೆ ಹೂಗ್ಲಿ ನದಿಯ ದಂಡೆಯ ಮಟಿಯಾಬುರ್ಜ್‌ನಲ್ಲಿ ಆತ ಪುಟ್ಟ ಲಖನೌ ಒಂದನ್ನು ಕಟ್ಟಿಕೊಂಡ. ಇಮಾಂಬಾಡಗಳು, ತೋಟಗಳು, ಗವಾಯಿಗಳು, ಕಥಕ್ ನರ್ತಕರು, ಗಾಳಿಪಟ, ಪಾರಿವಾಳ, ಜತೆಗೆ ಬಾಣಸಿಗರು. 1887ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ.

ಬಿರಿಯಾನಿಗೆ ಆಲೂಗಡ್ಡೆ ಬಿದ್ದದ್ದು ಆ ಅಡುಗೆಮನೆಯಲ್ಲಿ ಎಂಬುದು ಜನಜನಿತವಾದ ಕಥೆ. ರಾಜ್ಯ ಹೋಯಿತು, ಕೈ ಬರಿದಾಯಿತು, ಮಾಂಸ ಕೊಳ್ಳಲು ದುಡ್ಡು ಸಾಲದೆ ಬಾಣಸಿಗ ಗಡ್ಡೆಗಳನ್ನು ಸೇರಿಸಿ ಹಂಡೆ ತುಂಬಿಸಿದ ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಕೇಳಿದವರ ಕಣ್ಣು ಒದ್ದೆಯಾಗುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. ಕಂಪನಿ ಆತನಿಗೆ ಗೊತ್ತುಮಾಡಿದ ಪಿಂಚಣಿ ವರ್ಷಕ್ಕೆ 12 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ ಒಂದು ಲಕ್ಷ. ಬಾಲ್ಯದಲ್ಲಿ ಮಟಿಯಾಬುರ್ಜ್‌ನಲ್ಲಿ ಬೆಳೆದ ಉರ್ದು ಲೇಖಕ ಅಬ್ದುಲ್ ಹಲೀಂ ಶರರ್ ನವಾಬನ ಮೃಗಾಲಯವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ರೇಷ್ಮೆ ರೆಕ್ಕೆಯ ಒಂದು ಜೋಡಿ ಪಾರಿವಾಳಕ್ಕೆ 24,000 ರೂಪಾಯಿ, ಒಂದು ಜೋಡಿ ಬಿಳಿ ನವಿಲಿಗೆ 11,000 ರೂಪಾಯಿ ಕೊಟ್ಟು ಕೊಂಡನೆಂದು ಆತ ಬರೆಯುತ್ತಾನೆ. ಹುಲಿ ಸಿಂಹಗಳಿಗೆ ದಿನವೂ ಮಾಂಸ ಹಾಕಿಸುತ್ತಿದ್ದವನು ತನ್ನ ತಟ್ಟೆಗೆ ಮಾಂಸವಿಲ್ಲದೆ ಗಡ್ಡೆ ತಿಂದನೆಂದರೆ ನಂಬುವುದು ಕಷ್ಟ. ದುಂದುಗಾರಿಕೆಯಿಂದ ಸಾಲ ಮಾಡಿಕೊಂಡಿದ್ದ ಎನ್ನಬಹುದು, ಬಡವನಾಗಿದ್ದ ಎನ್ನಲಾಗದು.

ನವಾಬನ ವಂಶಸ್ಥರು ಈ ಬಡತನದ ಕಥೆಯನ್ನು ಒಪ್ಪುವುದಿಲ್ಲ. ಅವರ ಮಾತಿನಲ್ಲಿ ಆಗ ಆಲೂಗಡ್ಡೆಯೇ ಹೊಸ ಪದಾರ್ಥ, ಅಪರೂಪದ್ದು. ಹೊಸದನ್ನು ಪ್ರಯೋಗಿಸುವುದು ಲಖನೌ ಬಾಣಸಿಗರ ಗೀಳು. ಇದರಲ್ಲಿ ಹುರುಳಿದೆ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಈ ಗಡ್ಡೆ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದದ್ದು. ಉತ್ತರ ಕರ್ನಾಟಕ ಮತ್ತು ಕರಾವಳಿಯವರು ಇಂದಿಗೂ ಅದನ್ನು ಬಟಾಟೆ ಎನ್ನುವುದು ಆ ಪೋರ್ಚುಗೀಸ್ ಹೆಸರಿನ ನೆನಪು. ಹಳೆ ಮೈಸೂರಿನ ಆಲೂಗಡ್ಡೆಯಲ್ಲಿರುವ ‘ಆಲೂ’ ಉತ್ತರದ ದಾರಿಯಿಂದ ಬಂದದ್ದು. ಬಂಗಾಳದಲ್ಲಿ ಅದರ ಬೇಸಾಯ ಬಲವಾಗಿ ಹಬ್ಬಿದ್ದು ಇಂಗ್ಲಿಷರ ಉತ್ತೇಜನದಿಂದ.

ಆದರೂ ಪೂರ್ತಿ ಕೀರ್ತಿಯನ್ನು ನವಾಬನಿಗೇ ಕಟ್ಟುವ ಮುನ್ನ ಇನ್ನೊಂದು ಸಂಗತಿ ನೋಡಬೇಕು. ಢಾಕಾದ ಕಚ್ಚಿ ಬಿರಿಯಾನಿಯಲ್ಲೂ ಆಲೂಗಡ್ಡೆ ಇದೆ. ಮುಂಬಯಿಯ ಬಿರಿಯಾನಿಯಲ್ಲಿದೆ, ಸಿಂಧಿಗಳ ಬಿರಿಯಾನಿಯಲ್ಲಿದೆ, ಬೋಹ್ರಾಗಳ ಮನೆಯದರಲ್ಲಿಯೂ ಇದೆ. ವಾಜಿದ್ ಅಲಿ ಷಾ ಇವರ ಯಾರ ಮನೆಗೂ ಹೋಗಿ ಅಡುಗೆ ಕಲಿಸಿದವನಲ್ಲ. ಹಂಡೆಯ ಮುಚ್ಚಳಕ್ಕೆ ಹಿಟ್ಟಿನ ಮುದ್ರೆ ಹಾಕಿ ದಮ್ ಕಟ್ಟುವವರಿಗೆಲ್ಲ ಆಲೂಗಡ್ಡೆಯ ಉಪಯೋಗ ಬೇರೆ ಬೇರೆಯಾಗಿ ಹೊಳೆದಿರಬೇಕು. ಮಾಂಸ ಬಿಟ್ಟ ಕೊಬ್ಬನ್ನೂ ಮಸಾಲೆಯನ್ನೂ ಅದು ಹೀರಿಕೊಳ್ಳುತ್ತದೆ. ಅನ್ನ ಮುದ್ದೆಯಾಗದಂತೆ ಹೆಚ್ಚಿನ ತೇವವನ್ನು ಎಳೆದುಕೊಳ್ಳುತ್ತದೆ. ಮುಂದೆ ಕಲ್ಕತ್ತೆಯಲ್ಲಿ 1905ರ ರಾಯಲ್ ಇಂಡಿಯನ್ ಹೋಟೆಲ್, 1929ರ ಅಮಿನಿಯಾ ಮುಂತಾದವು ಎದ್ದು, ಬಿರಿಯಾನಿ ಅರಮನೆಯಿಂದ ಬೀದಿಗೆ ಬಂದಾಗ ಆಲೂಗಡ್ಡೆಗೆ ಮತ್ತೊಂದು ಗುಣ ಸೇರಿತು. ಕಡಿಮೆ ಬೆಲೆಯಲ್ಲಿ ಗಿರಾಕಿಯ ಹೊಟ್ಟೆ ತುಂಬಿಸುವ ಗುಣ. ಬಡತನದ ಕಥೆಗೆ ಎಲ್ಲಿಯಾದರೂ ಜಾಗವಿದ್ದರೆ ಅದು ಇಲ್ಲಿ, ನವಾಬನ ಊಟದ ಮನೆಯಲ್ಲಲ್ಲ.

ಶರರ್ ಹೇಳುವ ಇನ್ನೊಂದು ಮಾತು ಬೆಂಗಳೂರಿನವರಿಗೆ ಖುಷಿ ಕೊಡಬೇಕು. ಲಖನೌದ ರಸಿಕರಿಗೆ ಬಿರಿಯಾನಿಗಿಂತ ಪಲಾವ್ ಮೇಲು. ಬಿರಿಯಾನಿಯಲ್ಲಿ ಮಸಾಲೆಯ ಗದ್ದಲ ಹೆಚ್ಚು, ಅದು ದಿಲ್ಲಿಯವರ ರುಚಿ ಎಂಬುದು ಅವರ ತಕರಾರು. ಹಾಗಾದರೆ ಬಿರಿಯಾನಿ ಎನ್ನದೆ ಪಲಾವ್ ಎನ್ನುತ್ತಿದ್ದ ನಮ್ಮ ಮಿಲಿಟರಿ ಹೋಟೆಲಿನ ಹಿರಿಯರು ತಿಳಿಯದೆಯೇ ನವಾಬರ ಪಂಕ್ತಿಯಲ್ಲಿ ಕುಳಿತಿದ್ದರು.

ವಾಜಿದ್ ಅಲಿ ಷಾ ಕಲ್ಕತ್ತೆಗೆ ಬರುವ ಐವತ್ತು ವರ್ಷ ಮೊದಲೇ ದೇಶಭ್ರಷ್ಟವಾದ ಇನ್ನೊಂದು ರಾಜಕುಟುಂಬ ಅಲ್ಲಿ ಬಿಡಾರ ಹೂಡಿತ್ತು. ಅದು ನಮ್ಮ ನಾಡಿನದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಸತ್ತ ಮೇಲೆ ಆತನ ಮಕ್ಕಳನ್ನೂ ಪರಿವಾರವನ್ನೂ ಇಂಗ್ಲಿಷರು ವೆಲ್ಲೂರಿನ ಕೋಟೆಗೆ ಸಾಗಿಸಿದರು. 1806ರ ಜುಲೈ 10ರಂದು ಅಲ್ಲಿಯ ಸಿಪಾಯಿಗಳು ದಂಗೆಯೆದ್ದರು. ಟಿಪ್ಪುವಿನ ಮಕ್ಕಳ ಮೇಲೆ ಅನುಮಾನ ಬಿತ್ತು. ಮೈಸೂರಿನ ಹತ್ತಿರ ಇವರನ್ನು ಇಟ್ಟುಕೊಂಡರೆ ಅಪಾಯವೆಂದು ಹಡಗು ಹತ್ತಿಸಿ ಕಲ್ಕತ್ತೆಗೆ ಕಳಿಸಿದರು. ಊರಿನ ದಕ್ಷಿಣಕ್ಕಿದ್ದ ಟಾಲಿಗಂಜ್‌ನ ರಸಾಪಗ್ಲಾದಲ್ಲಿ ಅವರ ವಾಸ. ಹೋಗುವಾಗ ಹನ್ನೊಂದು ಹನ್ನೆರಡರ ಹುಡುಗನಾಗಿದ್ದ ಕಿರಿಯ ಮಗ ಗುಲಾಂ ಮಹಮ್ಮದ್ ಮುಂದೆ ಆ ಊರಿನ ಗಣ್ಯರಲ್ಲಿ ಒಬ್ಬನಾದ. 1842ರಲ್ಲಿ ಧರ್ಮತಲಾದಲ್ಲಿ ತಂದೆಯ ಹೆಸರಿನಲ್ಲಿ ಆತ ಕಟ್ಟಿಸಿದ ಮಸೀದಿ ಇಂದಿಗೂ ನಗರದ ನಡುಮಧ್ಯೆ ನಿಂತಿದೆ. ಹೈದರ್ ಮತ್ತು ಟಿಪ್ಪುವಿನ ಚರಿತ್ರೆಯೊಂದನ್ನು ತಾನೇ ತಿದ್ದಿ 1855ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಸತ್ತದ್ದು 1872ರಲ್ಲಿ. ದಕ್ಷಿಣ ಕೋಲ್ಕತ್ತದ ಪ್ರಿನ್ಸ್ ಅನ್ವರ್ ಷಾ ರಸ್ತೆ, ಪ್ರಿನ್ಸ್ ಗುಲಾಂ ಮಹಮ್ಮದ್ ಷಾ ರಸ್ತೆಗಳು ಈ ಮನೆತನದವರ ಹೆಸರಿನವೇ.

ಅಂದರೆ 1856ರಿಂದ 1872ರವರೆಗೆ, ಹದಿನಾರು ವರ್ಷ ಕಾಲ, ಒಂದೇ ಊರಿನ ಎರಡು ಮೂಲೆಗಳಲ್ಲಿ ಎರಡು ರಾಜ್ಯಗಳ ಅಳಿದುಳಿದ ಮನೆತನಗಳು ಬದುಕುತ್ತಿದ್ದವು. ಒಂದರ ನೆನಪು ಕಲ್ಕತ್ತೆಯ ನಾಲಗೆಯ ಮೇಲೆ ಉಳಿದಿದೆ, ಇನ್ನೊಂದರದ್ದು ರಸ್ತೆಯ ಬೋರ್ಡುಗಳಲ್ಲಿ ಮತ್ತು ಮಸೀದಿಯ ಗುಮ್ಮಟಗಳಲ್ಲಿ. ಮೈಸೂರಿನ ಹೆಸರು ಹೇಳಿಕೊಂಡು ಕೋಲ್ಕತ್ತದಲ್ಲಿ ಪ್ರಖ್ಯಾತವಾದ ಬಿರಿಯಾನಿ ಇಲ್ಲ. ಕಾರಣವೂ ಅರ್ಥವಾಗುವಂಥದ್ದೇ. ಟಿಪ್ಪುವಿನ ಮಕ್ಕಳು ಬಂದದ್ದು ಕೈದಿಗಳಾಗಿ, ಒಂದು ಕೋಟೆಯಿಂದ ಇನ್ನೊಂದು ಕಾವಲಿಗೆ. ನವಾಬ ಬಂದದ್ದು ದಾವೆ ಹೂಡಲು. ಅವನ ಹಿಂದೆ ಲಖನೌದ ಸಾವಿರಾರು ಜನ ಕಸುಬುದಾರರು ಹೊಟ್ಟೆಪಾಡು ಹುಡುಕಿಕೊಂಡು ಬಂದರು. ಅವನು ಸತ್ತು ಮಟಿಯಾಬುರ್ಜ್ ಹರಾಜಾದಾಗ ಕೆಲಸ ಕಳೆದುಕೊಂಡ ಅಡುಗೆಯವರಿಗೆ ಎದುರಿಗೇ ಇದ್ದದ್ದು ಹೋಟೆಲು ತೆರೆಯುವ ದಾರಿ. ಊರಿಗೆ ರುಚಿ ಹಂಚುವವರು ಹೊಟ್ಟೆಗಾಗಿ ಒಲೆ ಹಚ್ಚುವ ಬಾಣಸಿಗರೇ ಹೊರತು ದೊರೆಗಳಲ್ಲ.

ಇನ್ನು ಸೀಗಡಿ. ಬಂಗಾಳಿಯಲ್ಲಿ ಚಿಂಗ್ಡಿ. ಅದರಲ್ಲಿ ಎರಡು ಜಾತಿ ಮುಖ್ಯ. ಸಿಹಿನೀರಿನ ಗೊಲ್ಡಾ, ಉದ್ದನೆಯ ನೀಲಿ ಕೈಗಳು, ಮೈಯ ಅರ್ಧದಷ್ಟು ತಲೆಯೇ. ಉಪ್ಪುನೀರಿನ ಬಾಗ್ಡಾ, ಮೈಮೇಲೆ ಹುಲಿಪಟ್ಟೆ. ಬಂಗಾಳದಲ್ಲಿ ಚಿಂಗ್ಡಿಗೆ ಇರುವ ಸ್ಥಾನ ಎಂಥದೆಂದರೆ ಫುಟ್‌ಬಾಲ್ ಕೂಡ ಅದರಿಂದ ಹೊರತಲ್ಲ. ಮೋಹನ್ ಬಗಾನ್ ಗೆದ್ದರೆ ಅಭಿಮಾನಿಗಳ ಮನೆಯಲ್ಲಿ ಚಿಂಗ್ಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ. ದೇಶ ವಿಭಜನೆಯಾದ ಮೇಲೆ ಪಶ್ಚಿಮದ ಮೂಲನಿವಾಸಿಗಳಿಗೂ ಪೂರ್ವದಿಂದ ಬಂದ ನಿರಾಶ್ರಿತರಿಗೂ ಇದ್ದ ಮನಸ್ತಾಪ ಹೀಗೆ ಮೀನಿನ ಮಾರುಕಟ್ಟೆಯಲ್ಲಿ ಹೊರಬರುತ್ತಿತ್ತು. ಪಂದ್ಯದ ಮರುದಿನ ಯಾವುದರ ಬೆಲೆ ಏರಿತೆಂದು ಕೇಳಿದರೆ ಗೆದ್ದವರು ಯಾರೆಂದು ತಿಳಿಯುತ್ತಿತ್ತಂತೆ.

ಚಿಂಗ್ಡಿ ಬಿರಿಯಾನಿ ಮಟಿಯಾಬುರ್ಜ್‌ನ ನೇರ ಸಂತಾನವಲ್ಲ. ಕೋಲ್ಕತ್ತದ ಹಳೆಯ ಹೋಟೆಲುಗಳಿಗೆ ಹೆಸರು ತಂದದ್ದು ಮಟನ್ ಬಿರಿಯಾನಿ. ಸೀಗಡಿ ಬಂದದ್ದು ಬಂಗಾಳಿ ಗೃಹಿಣಿಯರ ಅಡುಗೆಮನೆಯಿಂದ, ತೆಂಗಿನ ಹಾಲಿನ ಚಿಂಗ್ಡಿ ಮಲಾಯಿ ಕರಿ ಮತ್ತು ಚಿಂಗ್ಡಿ ಪಲಾವ್‌ಗಳ ದಾರಿಯಲ್ಲಿ ಎನ್ನುವುದೇ ಹೆಚ್ಚು ಸರಿ. ಮುಸಲ್ಮಾನ ಅರಮನೆಯ ದಮ್ ಕಟ್ಟುವ ವಿದ್ಯೆ, ಹಿಂದೂ ಮನೆಯ ಸಾಸಿವೆ ಎಣ್ಣೆಯ ಬಾಣಲೆ ಎರಡೂ ಕೂಡಿದ ಜಾಗ ಅದು.

ಸೀಗಡಿ ತಿನ್ನಬಹುದೇ ಎಂಬ ಪ್ರಶ್ನೆಗೆ ಇಸ್ಲಾಂ ಧರ್ಮಶಾಸ್ತ್ರದಲ್ಲಿ ಒಂದೇ ಉತ್ತರವಿಲ್ಲ ಎಂಬುದು ಹಲವರಿಗೆ ಹೊಸ ವಿಷಯವಾಗಬಹುದು. ಉತ್ತರ ಭಾರತ, ಬಂಗಾಳ, ಬೆಂಗಳೂರುಗಳ ಸುನ್ನಿಗಳಲ್ಲಿ ಹೆಚ್ಚಿನವರು ಹನಫಿ ಪಂಥದವರು. ಜಲಚರಗಳಲ್ಲಿ ಮೀನು ಮಾತ್ರ ಸಲ್ಲುತ್ತದೆಂಬುದು ಆ ಪಂಥದ ನಿಯಮ. ಸೀಗಡಿ ಮೀನೋ ಅಲ್ಲವೋ ಎಂಬ ಚರ್ಚೆ ಅವರ ವಿದ್ವಾಂಸರಲ್ಲಿ ಇಂದಿಗೂ ಮುಗಿದಿಲ್ಲ. ರೂಢಿಯಲ್ಲಿ ಮೀನೆಂದೇ ಕರೆಯುತ್ತಾರಾದ್ದರಿಂದ ತಿನ್ನಬಹುದು ಎನ್ನುವವರು ಬಹಳ ಮಂದಿ. ಬೇಡ ಎನ್ನುವವರೂ ಇದ್ದಾರೆ. ಬಂಗಾಳದ ಮುಸಲ್ಮಾನರು ಆ ಚರ್ಚೆಗೆ ಕಾಯದೆ ತಿಂದರು. ವಾಜಿದ್ ಅಲಿ ಷಾ ಶಿಯಾ. ಶಿಯಾಗಳಲ್ಲಿ ಮೈಮೇಲೆ ಹುರುಪೆಗಳಿರುವ ಮೀನಿಗೆ ಮಾತ್ರ ಅನುಮತಿ, ಆದರೆ ಸೀಗಡಿಯನ್ನು ಆ ಗುಂಪಿಗೇ ಸೇರಿಸಿದ್ದಾರೆ. ನಮ್ಮ ಭಟ್ಕಳದ ನವಾಯತರದು ಶಾಫಿ ಪಂಥ. ಕಡಲಿನದೆಲ್ಲ ಅವರಿಗೆ ಸಲ್ಲುತ್ತದೆ. ಅರಬ್ ವರ್ತಕರ ವಂಶದವರೆಂದು ಹೇಳಿಕೊಳ್ಳುವ ಈ ಸಮುದಾಯದ ಬಿರಿಯಾನಿಯಲ್ಲಿ ಸೀಗಡಿ ಸಂಕೋಚವಿಲ್ಲದೆ ಕುಳಿತದ್ದಕ್ಕೆ ಕಡಲು ಹತ್ತಿರವಿದ್ದದ್ದು ಒಂದು ಕಾರಣ, ಶಾಸ್ತ್ರ ಅಡ್ಡ ಬರದಿದ್ದದ್ದು ಇನ್ನೊಂದು. ಭಟ್ಕಳದ ಬಿರಿಯಾನಿಯಲ್ಲಿ ಈರುಳ್ಳಿಯ ಮಸಾಲೆಯೇ ಪ್ರಧಾನ. ಆಲೂಗಡ್ಡೆಗೆ ಅಲ್ಲಿ ಕೋಲ್ಕತ್ತದ ಗೌರವವಿಲ್ಲ.

ಕುರಿಮಾಂಸದ ಜಾಗದಲ್ಲಿ ಸೀಗಡಿ ಹಾಕಿದರೆ ಬಿರಿಯಾನಿ ಆಗಿಬಿಡುವುದಿಲ್ಲ. ಕುರಿಮಾಂಸದ ನಾರು ಗಟ್ಟಿ. ಅದರೊಳಗಿನ ಅಂಟಿನಂಥ ಅಂಶ ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಬೇಕು. ಅದಕ್ಕೆಂದೇ ಮೊಸರು, ಪರಂಗಿಕಾಯಿಗಳಲ್ಲಿ ನೆನೆಸುವುದು, ಸಣ್ಣ ಉರಿಯಲ್ಲಿ ದಮ್ ಕಟ್ಟುವುದು. ಸೀಗಡಿ ಬೇಯಲು ಎರಡು ಮೂರು ನಿಮಿಷ ಸಾಕು. ಇನ್ನೈದು ನಿಮಿಷ ಬಿಟ್ಟರೆ ರಬ್ಬರು. ಹಸಿಮಾಂಸದ ಮೇಲೆ ಅಕ್ಕಿ ಹರಡಿ ಬೇಯಿಸುವ ಹೈದರಾಬಾದಿನ ಕಚ್ಚಿ ಕ್ರಮ ಇಲ್ಲಿ ನಡೆಯದು. ಆದ್ದರಿಂದ ಬಂಗಾಳಿ ಅಡುಗೆಯವರು ಕೆಲಸವನ್ನು ಎರಡಾಗಿ ಒಡೆಯುತ್ತಾರೆ. ಉಪ್ಪು ಅರಿಶಿನ ಸವರಿದ ಚಿಂಗ್ಡಿಯನ್ನು ಹೊಗೆಯಾಡುವಷ್ಟು ಕಾದ ಸಾಸಿವೆ ಎಣ್ಣೆಯಲ್ಲಿ ಬಣ್ಣ ತಿರುಗುವವರೆಗೆ ಮಾತ್ರ ಬಾಡಿಸಿ ಎತ್ತಿಟ್ಟುಕೊಳ್ಳುತ್ತಾರೆ. ಅದೇ ಎಣ್ಣೆಯಲ್ಲಿ ಅರೆಬೆಂದ ಆಲೂಗಡ್ಡೆ ಹುರಿಯುತ್ತಾರೆ, ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಮೊಸರಿನ ಮಸಾಲೆ ಮಾಡುತ್ತಾರೆ. ಅನ್ನವನ್ನು ಮುಕ್ಕಾಲಿಗಿಂತ ಹೆಚ್ಚೇ ಬೇಯಿಸಿಕೊಂಡು ಪದರ ಹಾಕಿ, ಚಿಂಗ್ಡಿಯನ್ನು ಅದರ ನಡುವೆ ಹುದುಗಿಸಿ ಸ್ವಲ್ಪ ಹೊತ್ತು ಮಾತ್ರ ದಮ್ ಕೊಡುತ್ತಾರೆ.

ಹಸಿಯಿದ್ದಾಗ ಬೂದು ನೀಲಿಯಾಗಿದ್ದ ಸೀಗಡಿ ಎಣ್ಣೆಗೆ ಬಿದ್ದೊಡನೆ ಕೆಂಪಾಗುವುದು ಮಸಾಲೆಯ ಪ್ರಭಾವದಿಂದಲ್ಲ. ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ಅದರ ಚಿಪ್ಪಿನಲ್ಲಿ ಮೊದಲಿನಿಂದಲೂ ಇರುತ್ತದೆ. ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದು ನೀಲಿಯಾಗಿ ತೋರಿಸುತ್ತಿರುತ್ತದೆ. ಬಿಸಿಗೆ ಆ ಪ್ರೋಟೀನು ಮುರಿದೊಡನೆ ಕೆಂಪು ಹೊರಬೀಳುತ್ತದೆ. ಎಣ್ಣೆಯಲ್ಲಿ ಕರಗುವ ಬಣ್ಣವಾದ್ದರಿಂದ ಬಾಣಲೆಯ ಎಣ್ಣೆಗೂ ಕೆಂಪು ಹತ್ತುತ್ತದೆ. ಒಳ್ಳೆಯ ಚಿಂಗ್ಡಿ ಬಿರಿಯಾನಿಯ ಅನ್ನದಲ್ಲಿ ಅಲ್ಲಲ್ಲಿ ಕಾಣುವ ತೆಳು ಕಿತ್ತಳೆ ಛಾಯೆಗೆ ಇದೂ ಒಂದು ಕಾರಣ.

ರುಚಿಯ ಭಂಡಾರ ಇರುವುದು ತಲೆಯಲ್ಲಿ. ಕುರಿಯ ಮೂಳೆ ಮಜ್ಜೆಗಳು ಮಟನ್ ಬಿರಿಯಾನಿಗೆ ಕೊಡುವ ಸಾರವನ್ನು ಇಲ್ಲಿ ಗೊಲ್ಡಾದ ತಲೆಯೊಳಗಿನ ಹಳದಿ ಕೆಂಪು ಕೊಬ್ಬು ಕೊಡಬೇಕು. ಬಂಗಾಳಿಗಳು ಅದನ್ನು ಘಿಲು ಎನ್ನುತ್ತಾರೆ. ನಿಜಕ್ಕೂ ಅದು ಮಿದುಳಲ್ಲ, ಜೀರ್ಣಾಂಗದ ಗ್ರಂಥಿ. ತಲೆಗಳನ್ನು ಎಣ್ಣೆಯಲ್ಲಿ ಒತ್ತಿ ಹುರಿದು ಆ ಎಣ್ಣೆಯಲ್ಲೇ ಮುಂದಿನದೆಲ್ಲ ಮಾಡುವವರ ಬಿರಿಯಾನಿಗೂ, ಸುಲಿದ ಬಿಳಿ ಸೀಗಡಿಯನ್ನು ಅನ್ನದಲ್ಲಿ ಬೆರೆಸಿದವರ ಬಿರಿಯಾನಿಗೂ ಅಜಗಜಾಂತರ. ಮಾಂಸದ ಕೊಬ್ಬಿಲ್ಲದ ಹಂಡೆಯಲ್ಲಿ ಆಲೂಗಡ್ಡೆ ಹೀರಿಕೊಳ್ಳುವುದೂ ಈ ತಲೆಯ ಎಣ್ಣೆಯನ್ನೇ. ಹೀಗಾಗಿ ಚಿಂಗ್ಡಿ ಬಿರಿಯಾನಿಯಲ್ಲಿ ಆಲೂಗಡ್ಡೆಗೆ ಮಟನ್ ಬಿರಿಯಾನಿಯಲ್ಲಿಗಿಂತ ದೊಡ್ಡ ಪಾತ್ರ. ಕೆಲವರು ಇದನ್ನು ಒಪ್ಪದಿರಬಹುದು, ತಿಂದು ನೋಡಿ ಜಗಳವಾಡಲಿ.

ಮಸಾಲೆಯ ಕೈ ಹಗುರ. ಜಾಪತ್ರೆ, ಜಾಯಿಕಾಯಿ, ಏಲಕ್ಕಿ, ಬಿಳಿಮೆಣಸು, ಬಾಲಮೆಣಸು. ಪುದೀನ ಕೊತ್ತಂಬರಿಗಳ ಹಸಿರು ಇಲ್ಲ. ಬೆಂಗಳೂರಿನ ನಾಲಗೆಗೆ ಮೊದಲ ತುತ್ತು ಸಪ್ಪೆ ಎನಿಸುವುದು ಅದಕ್ಕೇ. ಹುಳಿಗೆ ಒಣಗಿಸಿದ ಆಲೂಬುಖಾರ, ಪರಿಮಳಕ್ಕೆ ಮೀಠಾ ಅತ್ತರ್ ಮತ್ತು ಕೇವಡಾ ನೀರು. ಕೇವಡಾ ಎಂದರೆ ಬೇರೇನಲ್ಲ, ನಮ್ಮ ಕೇದಗೆ. ಅದರ ಹೆಚ್ಚಿನ ಪಾಲು ಒಡಿಶಾದ ಗಂಜಾಂ ಜಿಲ್ಲೆಯ ಭಟ್ಟಿಗಳಿಂದ ಬರುತ್ತದೆ. ಜಡೆಯಲ್ಲಿ ಮುಡಿದ ಹೂವಿನ ವಾಸನೆ ಅನ್ನದಿಂದ ಬಂದರೆ ಕನ್ನಡಿಗರು ಒಂದು ಕ್ಷಣ ತಬ್ಬಿಬ್ಬಾಗುವುದು ಸಹಜ. ಚಿಂಗ್ಡಿಗೆ ಈ ಅತ್ತರು ತೀರ ಕಡಿಮೆ ಬೀಳಬೇಕು. ಕಡಲಿನ ವಾಸನೆ ಮುಚ್ಚಲೆಂದು ಹೆಚ್ಚು ಸುರಿಯುವುದು ಹಳಸಿದ ಸರಕಿನ ಗುರುತು.

ಕಡಲಿಲ್ಲದ ಬೆಂಗಳೂರಿಗೆ ಸೀಗಡಿ ಪೂರ್ತಿ ಹೊಸದೇನೂ ಅಲ್ಲ. ಆದರೆ ಹಳೆ ಮೈಸೂರಿನ ಸಂತೆಗಳಲ್ಲಿ ಸಿಗುತ್ತಿದ್ದದ್ದು ಒಣ ಸೀಗಡಿ. ಬದನೆಕಾಯಿ ಜತೆ ಸಾರು, ಇಲ್ಲವೇ ಗೊಜ್ಜು. ಹಸಿ ಸೀಗಡಿಗೆ ಕರಾವಳಿಗೇ ಹೋಗಬೇಕಿತ್ತು. ಅಲ್ಲಿ ತುಳುವಿನಲ್ಲಿ ಅದು ಎಟ್ಟಿ, ಕೊಂಕಣಿಯಲ್ಲಿ ಸುಂಗಟ. ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಗಳೆಂಬ ಅಪೂರ್ವ ವ್ಯವಸ್ಥೆ ಇದೆ. ಮಳೆಗಾಲದಲ್ಲಿ ಉಪ್ಪನ್ನು ತಡೆಯಬಲ್ಲ ಕಗ್ಗ ಎಂಬ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸೀಗಡಿ. ಕೂಳೆ ಕೊಳೆತು ಸೀಗಡಿಗೆ ಆಹಾರ, ಸೀಗಡಿಯ ಕಸ ಮುಂದಿನ ಭತ್ತಕ್ಕೆ ಗೊಬ್ಬರ. ಬಂಗಾಳದ ಸುಂದರಬನದ ಅಂಚಿನ ‘ಭೇಡಿ’ಗಳಲ್ಲೂ ಕೇರಳದ ಪೊಕ್ಕಾಳಿ ಗದ್ದೆಗಳಲ್ಲೂ ಇದೇ ಸಂಬಂಧ. ಅಕ್ಕಿಯೂ ಸೀಗಡಿಯೂ ಹಂಡೆಯಲ್ಲಿ ಭೇಟಿಯಾಗುವ ಮೊದಲು ಗದ್ದೆಯಲ್ಲೇ ನೆಂಟರು.

ಈ ನಂಟು ಹದಗೆಟ್ಟದ್ದು ರಫ್ತಿನ ಆಸೆಗೆ. 1990ರ ದಶಕದಲ್ಲಿ ಕರಾವಳಿಯುದ್ದಕ್ಕೂ ಸೀಗಡಿಯ ಹೊಂಡಗಳು ಎದ್ದವು. ಭತ್ತದ ನೆಲ, ಕುಡಿಯುವ ನೀರು ಉಪ್ಪಾದವು. ಬಿಳಿಚುಕ್ಕೆ ರೋಗ ಬಂದು ಹೊಂಡ ಹೊಂಡವೇ ಖಾಲಿಯಾಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ವಾಣಿಜ್ಯ ಹೊಂಡಗಳನ್ನು ತೆಗೆಯಲು ಆದೇಶಿಸಿತು, ಸಾಂಪ್ರದಾಯಿಕ ಗದ್ದೆಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು. 2005ರಲ್ಲಿ ಬಂದ ಕೇಂದ್ರದ ಕಾಯಿದೆ ಸೀಗಡಿ ಕೃಷಿಗೆ ಮತ್ತೆ ದಾರಿ ಮಾಡಿತು. 2009ರಿಂದ ವನ್ನಾಮಿ ಎಂಬ ಹೊಸ ತಳಿಗೆ ಅನುಮತಿ ಸಿಕ್ಕಿ, ಹುಲಿಸೀಗಡಿಯನ್ನು ಅದು ಬಹುಮಟ್ಟಿಗೆ ಮೂಲೆಗೆ ತಳ್ಳಿತು. ದೇಶದಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವುದು ಆಂಧ್ರಪ್ರದೇಶ. ವನ್ನಾಮಿಯ ತವರು ಮೆಕ್ಸಿಕೋದಿಂದ ಪೆರುವರೆಗಿನ ಪೆಸಿಫಿಕ್ ಕರಾವಳಿ. ಆಲೂಗಡ್ಡೆಯ ತವರೂ ಪೆರುವಿನ ಬೆಟ್ಟಗಳೇ. ಬಂಗಾಳದ್ದೆಂದು ಹೆಮ್ಮೆಯಿಂದ ಬಡಿಸುವ ತಟ್ಟೆಯ ಎರಡು ಮುಖ್ಯ ವಸ್ತುಗಳು ಹೀಗೆ ಭೂಮಿಯ ಆಚೆ ಬದಿಯ ನೆರೆಹೊರೆಯವು.

ಬೆಂಗಳೂರಿಗೆ ಬಂಗಾಳಿಗಳು ಬಂದದ್ದೂ ಇಂದು ನಿನ್ನೆಯಲ್ಲ. 20ನೇ ಶತಮಾನದ ಆರಂಭದಲ್ಲೇ ರಾಮಕೃಷ್ಣ ಮಠದ ಸಂನ್ಯಾಸಿಗಳು ಬಂದರು. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು ಬ್ರಜೇಂದ್ರನಾಥ ಸೀಲ್. ಆಮೇಲೆ ವಿಜ್ಞಾನಿಗಳು, ವಿಮಾನ ಕಾರ್ಖಾನೆಯ ಎಂಜಿನಿಯರುಗಳು. ನಗರ್ತಪೇಟೆಯ ಚಿನ್ನದ ಕೆಲಸಗಾರರಲ್ಲಿ ಬಂಗಾಳಿಗಳು ಬಹಳ. ಹೌರಾದಿಂದ ಬರುವ ರೈಲು ಬಹುಕಾಲ ನಿಲ್ಲುತ್ತಿದ್ದದ್ದು ರಾಜಾಜಿನಗರದ ಮಗ್ಗುಲಿನ ಯಶವಂತಪುರದಲ್ಲಿ. ಕೆಂಗೇರಿಯ ಸುತ್ತಲಿನ ಕಾಲೇಜುಗಳಿಗೆ ಹೊರರಾಜ್ಯದ ವಿದ್ಯಾರ್ಥಿಗಳು ತುಂಬಿದರು. 2021ರಲ್ಲಿ ಮೆಟ್ರೊ ಕೆಂಗೇರಿ ಮುಟ್ಟಿತು, 2023ರಲ್ಲಿ ಅದೇ ಮಾರ್ಗ ವೈಟ್‌ಫೀಲ್ಡಿನವರೆಗೆ ಒಂದಾಯಿತು. ಪೂ‍ರ್ವದಲ್ಲಿ ಕೆಲಸ, ಪಶ್ಚಿಮದಲ್ಲಿ ಅಗ್ಗದ ಬಾಡಿಗೆಯ ಮನೆ ಎಂಬ ಲೆಕ್ಕಾಚಾರ ಸಾಧ್ಯವಾಯಿತು. ಈ ಕೆಂಗೇರಿಯ ಮೇಲೆ ಹಾದುಹೋಗುವುದು ಶ್ರೀರಂಗಪಟ್ಟಣದ ಹಳೆಯ ರಸ್ತೆಯೇ.

ಊರು ಬಿಟ್ಟು ಬಂದವರಿಗೆ ಮೊದಲು ಕಾಡುವ ಕೊರತೆ ನಾಲಗೆಯದು. ಸಾಸಿವೆ ಎಣ್ಣೆ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಕೇವಡಾ ನೀರಿನ ಸೀಸೆಗೂ ತೊಂದರೆಯಿಲ್ಲ. ಚಿಕ್ಕಬಳ್ಳಾಪುರ, ಹಾಸನದ ಆಲೂಗಡ್ಡೆ ಧಾರಾಳ. ಸಿಗದಿರುವುದು ಗೊಲ್ಡಾದ ತಲೆ. ವಿಜಯನಗರ, ಬಸವೇಶ್ವರನಗರಗಳ ಮೀನಿನ ಅಂಗಡಿಗಳಲ್ಲಿ ಸೀಗಡಿ ತೂಗಿದ ಮೇಲೆ ತಲೆ ಮುರಿದು, ಚಿಪ್ಪು ಸುಲಿದು, ಬೆನ್ನಿನ ಕಪ್ಪು ನರ ಎಳೆದು ಶುಚಿ ಮಾಡಿ ಕೊಡುವುದು ಪದ್ಧತಿ. ಅದಕ್ಕೆ ಗಿರಾಕಿಗಳಿಂದ ಬೇಡಿಕೆಯೂ ಇದೆ. ತಲೆಯಿರುವ ಸೀಗಡಿಯನ್ನು ಕಂಡರೆ ಮೂಗು ಮುರಿಯುವವರೇ ಹೆಚ್ಚು. ಬಂಗಾಳಿ ಗಿರಾಕಿ ಮಾತ್ರ ಚೀಲ ಹಿಡಿದು ಅವಸರದಲ್ಲಿ ಕೈ ಅಡ್ಡ ಮಾಡುತ್ತಾನೆ, ಹರಕುಮುರುಕು ಕನ್ನಡದಲ್ಲಿ ತಲೆ ಬಿಡಬೇಡಿ, ತಲೆಯೂ ಬೇಕು ಎನ್ನುತ್ತಾನೆ. ಅಂಗಡಿಯವನು ಒಮ್ಮೆ ಅವನ ಮುಖ ನೋಡಿ, ಪಕ್ಕದ ಬುಟ್ಟಿಯಲ್ಲಿ ಎಸೆಯಲು ಇಟ್ಟಿದ್ದ ಇನ್ನೊಬ್ಬರ ಸೀಗಡಿಯ ತಲೆಗಳನ್ನೂ ಒಂದು ಹಿಡಿ ಎತ್ತಿ ಚೀಲಕ್ಕೆ ಹಾಕುತ್ತಾನೆ. ಅದಕ್ಕೆ ದುಡ್ಡು ಕೇಳುವುದಿಲ್ಲ.